ಕರಗುವ ಪ್ಲಾಸ್ಟಿಕ್: ಕಾರ್ಖಾನೆಗಿಂತ ಮೊದಲು ಕರಾರು

ಕಬ್ಬು ಮತ್ತು ಭತ್ತ ಬೆಳೆಯುವ ಸೀಮೆಗಳಿಗೆಲ್ಲ ಈಗ ಜೈವಿಕ ಪ್ಲಾಸ್ಟಿಕ್ಕಿನ ಆಸೆ ಹುಟ್ಟಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟವು ‘ಬಯೋ-ಇ3’ ನೀತಿಗೆ ಒಪ್ಪಿಗೆ ನೀಡಿತು. ಅದೇ ವರ್ಷ ಪುಣೆ ಸಮೀಪದ ಜೇಜುರಿಯಲ್ಲಿ ಪ್ರಾಜ್ ಸಂಸ್ಥೆಯ ಪ್ರಾತ್ಯಕ್ಷಿಕೆ ಘಟಕ ಆರಂಭವಾಯಿತು. ಉತ್ತರ ಪ್ರದೇಶದ ಬಲರಾಂಪುರ್ ಚೀನಿ ಮಿಲ್ಸ್ ಸಕ್ಕರೆಯಿಂದ ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿ.ಎಲ್.ಎ., ತಯಾರಿಸುವ ಯೋಜನೆಯನ್ನು ಪ್ರಕಟಿಸಿತು. ಹೊಸಪೇಟೆಯ ಆಲೆಮನೆಗಳನ್ನೂ ಕಂಪ್ಲಿಯ ಅಕ್ಕಿ ಗಿರಣಿಗಳನ್ನೂ ಬಲ್ಲವರು ‘ಇದು ನಮ್ಮಲ್ಲಿ ಏಕಾಗಬಾರದು?’ ಎಂದು ಕೇಳುವುದು ಸಹಜವೇ. ಬೆಲ್ಲ, ಕಾಕಂಬಿ, ನುಚ್ಚಕ್ಕಿಯ ಪಿಷ್ಟ ಇವೆಲ್ಲವೂ ಲ್ಯಾಕ್ಟಿಕ್ ಆಮ್ಲಕ್ಕೆ ಕಚ್ಚಾವಸ್ತುವಾಗಬಲ್ಲವು.

ಆದರೆ ಕಚ್ಚಾವಸ್ತು ಇದ್ದ ಮಾತ್ರಕ್ಕೆ ಉದ್ಯಮ ಬರುವುದಿಲ್ಲ. ಬಲರಾಂಪುರದವರು ಮೊದಲು ಪ್ರಕಟಿಸಿದ ಲೆಕ್ಕವೇ ವರ್ಷಕ್ಕೆ 75,000 ಟನ್ ಉತ್ಪಾದನೆ, ಸುಮಾರು 2,000 ಕೋಟಿ ರೂಪಾಯಿ ಹೂಡಿಕೆ. ಸಣ್ಣ ಉದ್ಯಮಿಯು ಆ ತಕ್ಕಡಿಯಲ್ಲಿ ತೂಗುವವನಲ್ಲ. ಇನ್ನೊಂದು ತೊಡಕೂ ಇದೆ. ಸುಣ್ಣ ಬಳಸುವ ಹಳೆಯ ವಿಧಾನದಲ್ಲಿ ಒಂದು ಟನ್ ಲ್ಯಾಕ್ಟಿಕ್ ಆಮ್ಲಕ್ಕೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಂ ಉಳಿಯುತ್ತದೆ. ಹುದುಗು ದ್ರಾವಣದ ತ್ಯಾಜ್ಯ ನೀರು ಬೇರೆ. ಕೆಳಗೆ ತುಂಗಭದ್ರೆ, ಪಕ್ಕದಲ್ಲಿ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿ. ಇಂತಹ ಸ್ಥಳದಲ್ಲಿ ಆ ತ್ಯಾಜ್ಯದ ವಿಲೇವಾರಿಯೇ ಯೋಜನೆಯ ಅರ್ಧ ಖರ್ಚನ್ನು ನುಂಗೀತು.

ಹಾಗಾದರೆ ಈ ಸೀಮೆಗೆ ಇದರಲ್ಲಿ ಪಾಲೇ ಇಲ್ಲವೇ? ಇದೆ, ಅದು ಟನ್ನಿನ ವ್ಯಾಪಾರದಲ್ಲಲ್ಲ, ಗ್ರಾಮಿನ ವ್ಯಾಪಾರದಲ್ಲಿ. ಶರೀರದೊಳಗೆ ತಾನೇ ಕರಗುವ ಹೊಲಿಗೆ ದಾರ 1970ರ ದಶಕದ ಆರಂಭದಿಂದಲೇ ಮಾರುಕಟ್ಟೆಯಲ್ಲಿದೆ. ಪಾಲಿಗ್ಲೈಕೋಲಿಕ್ ಆಮ್ಲದ ಆ ದಾರವು ಕೆಲವೇ ವಾರ ಗಾಯವನ್ನು ಹಿಡಿದಿಟ್ಟು, ಎರಡು-ಮೂರು ತಿಂಗಳಲ್ಲಿ ಕರಗಿಹೋಗುತ್ತದೆ. ಪಿ.ಎಲ್.ಎ. ನಿಧಾನಗಾಮಿ, ಅದರ ಕೆಲವು ಬಗೆಗಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದಲೇ ಅದು ಮೂಳೆ ಜೋಡಿಸುವ ತಿರುಪುಗಳಿಗೆ ಒಗ್ಗುತ್ತದೆ. ಮೂಳೆ ಕೂಡಿದ ಮೇಲೆ ತಿರುಪು ತೆಗೆಯಲೆಂದೇ ಇನ್ನೊಂದು ಶಸ್ತ್ರಚಿಕಿತ್ಸೆ ಬೇಡವಾಗುತ್ತದೆ. ಬಡ ರೋಗಿಗೆ ಇದರ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

‘ಕರಗುವ’ ಎಂಬ ಹಣೆಪಟ್ಟಿ ಅಂಟಿಸಿ ಕೈಗವಸು, ಚೀಲ, ತಟ್ಟೆಗಳನ್ನು ಆಸ್ಪತ್ರೆಗಳಿಗೆ ಮಾರಬಹುದೆಂದು ಎಣಿಸುವವರು ಮಾತ್ರ ಒಮ್ಮೆ ನಿಂತು ಯೋಚಿಸಬೇಕು. 2016ರ ಜೈವಿಕ-ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೋಂಕಿನ ತ್ಯಾಜ್ಯವು ದಹನ ಕುಲುಮೆಗೋ ಆಟೋಕ್ಲೇವಿಗೋ ಹೋಗಬೇಕು. ಸುಡುವ ವಸ್ತು ಮಣ್ಣಿನಲ್ಲಿ ಕರಗಿದರೇನು, ಬಿಟ್ಟರೇನು? ಅಲ್ಲದೆ ಪಿ.ಎಲ್.ಎ. ತಿಪ್ಪೆಗುಂಡಿಯಲ್ಲಿ ಬೇಗ ಕರಗುವುದೂ ಇಲ್ಲ. ಅದಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದ ಔದ್ಯಮಿಕ ಗೊಬ್ಬರ ಘಟಕ ಬೇಕು. ಈ ವಸ್ತುವಿನ ನಿಜವಾದ ಉಪಯೋಗ ಶರೀರದ ಒಳಗಿದೆ, ಹೊರಗಲ್ಲ.

ಒಳಗೆ ಹೋಗುವ ವಸ್ತುವಿಗೆ ಕಾನೂನೂ ಕಠಿಣ. 2017ರ ವೈದ್ಯಕೀಯ ಸಾಧನ ನಿಯಮಗಳಲ್ಲಿ ಶರೀರದಲ್ಲಿ ಲೀನವಾಗುವ ಸಾಧನಗಳನ್ನು ಅತ್ಯಧಿಕ ಅಪಾಯದ ‘ಡಿ’ ವರ್ಗದಲ್ಲಿ ಇರಿಸಲಾಗಿದೆ. ತಯಾರಿಕೆಯ ಕಷ್ಟಗಳೂ ಅಷ್ಟೇ ಇವೆ. 121 ಡಿಗ್ರಿಯ ಆಟೋಕ್ಲೇವಿನಲ್ಲಿ ಪಿ.ಎಲ್.ಎ. ಸೊಟ್ಟಗಾಗುತ್ತದೆ, ಕ್ರಿಮಿಶುದ್ಧಿಗೆ ಎಥಿಲೀನ್ ಆಕ್ಸೈಡ್ ಅನಿಲ ಅಥವಾ ವಿಕಿರಣವನ್ನೇ ನೆಚ್ಚಬೇಕು, ವಿಕಿರಣ ಹೆಚ್ಚಾದರೆ ವಸ್ತುವಿನ ಬಲ ಕುಗ್ಗುತ್ತದೆ. ತೇವ ತಗುಲಿದರೆ ಡಬ್ಬಿಯಲ್ಲಿರುವಾಗಲೇ ಕರಗತೊಡಗುತ್ತದೆ. 55ರಿಂದ 60 ಡಿಗ್ರಿಗೆ ಮೆತ್ತಗಾಗುವ ಸರಕನ್ನು ಏಪ್ರಿಲ್ ತಿಂಗಳಲ್ಲಿ ಹೊಸಪೇಟೆಯ ತಗಡಿನ ಗೋದಾಮಿನಲ್ಲಿಯೋ ಬಿಸಿಲಲ್ಲಿ ನಿಂತ ಮುಚ್ಚಿದ ಲಾರಿಯಲ್ಲಿಯೋ ಇಟ್ಟರೆ ಏನಾದೀತೆಂದು ಇಲ್ಲಿಯವರಿಗಿಂತ ಚೆನ್ನಾಗಿ ಬಲ್ಲವರಾರು! ದಾರ ಎಳೆಯುವುದು, ಅಚ್ಚು ಹೊಯ್ಯುವುದು, ತೇವ ತಾಗದಂತೆ ಕಟ್ಟುವುದು, ತಂಪಾಗಿ ಸಾಗಿಸುವುದು: ಸಣ್ಣ ಉದ್ಯಮಿಯ ಕೈಗೆ ಎಟುಕುವ ಕೆಲಸಗಳು ಇವೇ. ಆದರೆ ಇವುಗಳ ವಿದ್ಯೆ ಒಬ್ಬನಿಗೇ ದಕ್ಕುವಂಥದ್ದಲ್ಲ.

ಇಲ್ಲಿ ತಿರುವನಂತಪುರದ ಮಾದರಿ ನೆನಪಿಗೆ ಬರುತ್ತದೆ. ಅಲ್ಲಿನ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ರಕ್ತಚೀಲದ ತಂತ್ರವನ್ನು ಪಡೆದು 1980ರ ದಶಕದಲ್ಲಿ ಪೆನಿನ್ಸುಲಾ ಪಾಲಿಮರ್ಸ್ ಎಂಬ ಹೊಸ ಘಟಕವೊಂದು ಹುಟ್ಟಿತು. ಇಂದು ಅದು ಟೆರುಮೊ ಪೆನ್‌ಪೋಲ್. ಆ ಚೀಲ ಕರಗುವ ಪ್ಲಾಸ್ಟಿಕ್ಕಿನದಲ್ಲ, ನಿಜ. ಆದರೆ ಪ್ರಯೋಗಾಲಯ ಮತ್ತು ಉದ್ಯಮಿ ಕೂಡಿದರೆ ಏನಾಗಬಹುದೆಂಬುದಕ್ಕೆ ಅದು ಸಾಕ್ಷಿ. ಕರ್ನಾಟಕದಲ್ಲಿಯೂ ನೆಲೆಗಳಿಗೆ ಕೊರತೆಯಿಲ್ಲ. ಸೂಕ್ಷ್ಮಜೀವಿಗಳಿಂದ ದೊರೆಯುವ ಪಿ.ಎಚ್.ಎ. ಎಂಬ ಪ್ಲಾಸ್ಟಿಕ್ ಕುರಿತು ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಶೋಧನೆ ನಡೆಸಿದೆ; ಪ್ಲಾಸ್ಟಿಕ್ ತಂತ್ರಜ್ಞಾನದ ಸಿಪೆಟ್ ಕೇಂದ್ರವೂ ಅಲ್ಲಿಯೇ ಇದೆ. ಸಮೀಪದಲ್ಲಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಸಂಡೂರು ತಾಲ್ಲೂಕಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಅದಿರು ಸಂಸ್ಕರಣೆಯ ಪಾಠ ಬೇರೂರಿದ್ದು ಸುತ್ತ ಗಣಿ ಇದ್ದುದರಿಂದಲ್ಲವೇ? ಕಬ್ಬು-ಭತ್ತದ ಸುತ್ತಲೂ ಅಂಥದ್ದೊಂದು ವಿದ್ಯೆ ಬೆಳೆಯಬಾರದೆಂದೇನಿಲ್ಲ.

2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಂಡೂರು-ಹೊಸಪೇಟೆಗಳ ಲಾರಿ ಮಾಲೀಕರು ಪಟ್ಟ ಪಾಡು ಮರೆಯುವಂಥದ್ದಲ್ಲ. ಒಂದೇ ಸರಕನ್ನು ನೆಚ್ಚಿದ ಊರು ಹೊಸದನ್ನು ಅರಸುವುದು ನ್ಯಾಯವೇ. ಆದರೆ ಜಮೀನಿಗೆ ಅರ್ಜಿ ಹಾಕಿ, ಯಂತ್ರಕ್ಕೆ ಮುಂಗಡ ಕೊಟ್ಟು, ಆಮೇಲೆ ವಿಜ್ಞಾನಿಯನ್ನು ಹುಡುಕುವ ರೂಢಿ ಇಲ್ಲಿ ಸಲ್ಲದು. ನಾಲ್ಕಾರು ಉದ್ಯಮಿಗಳು ಸೇರಿ ಒಂದೇ ಒಂದು ಸಾಧನವನ್ನು, ಹೊಲಿಗೆ ದಾರವೇ ಆಗಲಿ, ಆರಿಸಿಕೊಂಡು ಪ್ರಯೋಗಾಲಯದೊಡನೆ ಲಿಖಿತ ಕರಾರು ಮಾಡಿಕೊಳ್ಳುವುದು ಮೊದಲ ಹೆಜ್ಜೆ. ಪೇಟೆಂಟ್ ಯಾರದು, ಪರೀಕ್ಷೆ ಸೋತರೆ ಖರ್ಚು ಯಾರದು, ಪಾಲುದಾರನೊಬ್ಬ ನಡುವೆ ಬಿಟ್ಟುಹೋದರೆ ತಂತ್ರ ಯಾರ ಬಳಿ ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಆ ಕರಾರಿನಲ್ಲಿ ಸ್ಪಷ್ಟ ಉತ್ತರವಿರಬೇಕು. ಇಂತಹ ಕರಡೊಂದನ್ನು ಸಿದ್ಧಪಡಿಸಿ ಸದಸ್ಯರ ಮುಂದಿಡುವ ಕೆಲಸವನ್ನು ವಾಣಿಜ್ಯ ಸಂಸ್ಥೆಯೇ ವಹಿಸಿಕೊಳ್ಳಬಹುದು. ಅದಕ್ಕೆ ತಗಲುವುದು ಒಬ್ಬ ವಕೀಲರ ಶುಲ್ಕ, ಮೈಸೂರಿಗೆ ಎರಡು ಬಾರಿ ಹೋಗಿಬರುವ ವೆಚ್ಚ.