ಕಸಿ ಚಾಕು ಹಿಡಿಯುವವರಾರು?

ರೈತರ ಮಕ್ಕಳ ಕೋಟಾದಲ್ಲಿ ತೋಟಗಾರಿಕೆ ಪದವಿಗೆ ಸೇರಲು ಸಿಇಟಿ ಅಂಕವೊಂದೇ ಸಾಲದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಒಳಗೆ ಬಿಟ್ಟುಕೊಳ್ಳುವಾಗ ಕಣ್ಣು, ಕೈ ಪರೀಕ್ಷಿಸುವ ವ್ಯವಸ್ಥೆ ಕೆಲಸ ಕೊಡುವಾಗ ಅವೆರಡನ್ನೂ ಮರೆತುಬಿಡುತ್ತದೆ. ಕೊನೆಯ ವರ್ಷದವರ ಹಾಸ್ಟೆಲ್ ಮಂಚದ ಮೇಲೆ ಏನಿದೆ ನೋಡಿ: ಬ್ಯಾಂಕಿನ ಫೀಲ್ಡ್ ಆಫೀಸರ್ ಪರೀಕ್ಷೆಗೆ ಬೇಕಾದ ರೀಸನಿಂಗ್, ಗಣಿತ, ಇಂಗ್ಲಿಷ್ ಗೈಡುಗಳು. ಹುಡುಗರನ್ನು ಬೈಯಲಾರೆ. ಮನೆಯಲ್ಲಿ ಸಾಲವಿದೆ, ತಂಗಿಯ ಓದಿದೆ.

ಬೈಯಬೇಕಾದದ್ದು ಮಾವಿನ ಕಸಿಯನ್ನೂ ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿಸಿ ಕೈತೊಳೆದುಕೊಳ್ಳುವ ನೇಮಕಾತಿಯನ್ನು. ಬೇರುಸಸಿಯ ತುದಿ ಸೀಳಿ, ಬೆಣೆಯಂತೆ ಚೂಪು ಮಾಡಿದ ಕಸಿಕಡ್ಡಿಯನ್ನು ಅದರೊಳಗಿಟ್ಟು, ತೊಗಟೆಯಡಿಯ ಹಸಿ ಪದರಗಳು ಒಂದಕ್ಕೊಂದು ತಾಗುವಂತೆ ಪಟ್ಟಿ ಸುತ್ತಬೇಕು. ತಾಗದಿದ್ದರೆ ಕಡ್ಡಿ ಒಣಗಿತು, ಅಷ್ಟೇ. ಪಕ್ಕದವಳೊಂದಿಗೆ ಹರಟುತ್ತಲೇ ಇದನ್ನು ಮಾಡಿ ಮುಗಿಸುವ ನರ್ಸರಿಯ ಹೆಂಗಸಿಗೆ ದಿನಗೂಲಿ. ಚಾಕು ಹಿಡಿದದ್ದೇ ಬೆರಳೆಣಿಕೆಯ ದಿನವಾದವನು ನಾಳೆ ಅವಳ ಮೇಲಧಿಕಾರಿ.

ತೋಟಗಾರಿಕೆ ಅಧಿಕಾರಿಯಾಗಲು ಬಂದವರಿಂದ ತಲಾ ಹತ್ತು ಕಸಿ ಕಟ್ಟಿಸಿ. ತಿಂಗಳೆರಡು ತಿಂಗಳು ಬಿಟ್ಟು ಎಷ್ಟು ಚಿಗುರಿವೆ ಎಣಿಸಿ ಅಂಕ ಕೊಡಿ. ಈ ಪ್ರಶ್ನೆಪತ್ರಿಕೆ ಸೋರಿಕೆಯಾದರೂ ನಷ್ಟವಿಲ್ಲ.