ಕಾಲುವೆಯನ್ನು ಮುಚ್ಚಬೇಕೆನ್ನುವವರಿಗೆ

ಪಂಪು ಬಂದಿತು, ಪೈಪು ಬಂದಿತು, ಇನ್ನು ಊರೊಟ್ಟಿನ ಹಳೆಯ ಕಾಲುವೆಗಳನ್ನು ಮುಚ್ಚಿ ದಾರಿ ಮಾಡುವುದೇ ಲೇಸು ಎಂಬ ಮಾತು ಈಚೆಗೆ ತಿಳಿವಳಿಕೆಯುಳ್ಳವರ ಬಾಯಿಂದಲೇ ಕೇಳಿಬರುತ್ತಿದೆ. ಈ ಮಾತನ್ನು ನಾವು ಒಪ್ಪಲಾರೆವು. ಹೀಗೆನ್ನುವವರು ಕಾಲುವೆಯೆಂದರೆ ನೀರು ಸಾಗುವ ತಗ್ಗು ಎಂದಷ್ಟೇ ಬಗೆದಿದ್ದಾರೆ.

ಕಾಲುವೆಯೆಂಬುದು ಊರವರು ತಮ್ಮತಮ್ಮಲ್ಲಿ ಮಾಡಿಕೊಂಡ ಒಡಂಬಡಿಕೆ. ಮೇಲಿನ ಹೊಲದವನು ಕೆಳಗಿನವನಿಗೆ ನೀರು ಬಿಡಬೇಕು, ಪಾಳಿ ತಪ್ಪಬಾರದು, ಹೂಳನ್ನು ಎಲ್ಲರೂ ಕೂಡಿ ಎತ್ತಬೇಕು. ಧುಳೆ, ನಾಶಿಕ ಜಿಲ್ಲೆಗಳಲ್ಲಿ ಪಾಂಝರಾ, ಮೋಸಮ್ ನದಿಗಳ ದಂಡೆಯ ‘ಫಡ’ ಪದ್ಧತಿಯನ್ನು ನೋಡಿರಿ. ಬಂಧಾರೆಯ ಕೆಳಗಿನ ಭೂಮಿಯನ್ನು ಮೂರು ನಾಲ್ಕು ಫಡಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಒಂದೊಂದೇ ಬೆಳೆ ತೆಗೆಯುತ್ತಿದ್ದರು. ರೈತನ ಹೊಲವು ಸಾಮಾನ್ಯವಾಗಿ ಎಲ್ಲ ಫಡಗಳಲ್ಲಿಯೂ ಹಂಚಿರುತ್ತಿದ್ದುದರಿಂದ, ನೀರು ಸಾಲದ ವರ್ಷ ಒಂದು ಫಡವನ್ನು ಬೀಳುಬಿಟ್ಟರೆ ನಷ್ಟವೂ ಎಲ್ಲರಿಗೆ ಹಂಚಿಹೋಗುತ್ತಿತ್ತು. ನೀರು ಹಾಯಿಸುವುದಕ್ಕೆ ಊರವರೇ ನೇಮಿಸಿದ ಪಾಟಕರಿ ಇದ್ದನು. ಬರಗಾಲದ ಕಷ್ಟವನ್ನು ಹೀಗೆ ಸಮನಾಗಿ ಹಂಚುವ ಯಂತ್ರವನ್ನು ಯಾವ ಕಾರಖಾನೆಯು ತಯಾರಿಸೀತು?

ಪಂಪನ್ನು ನಾವು ಹಳಿಯುವುದಿಲ್ಲ. ಆದರೆ ಅದನ್ನು ನಡೆಸಲು ನೆರೆಯವನ ಒಪ್ಪಿಗೆ ಬೇಕಾಗಿಲ್ಲ, ಕಾಲುವೆಗೆ ಬೇಕು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಕೊಲ್ಹಾಪುರ ಮಾದರಿಯ ಬಂಧಾರೆಯಾದರೂ, ಮಳೆಗಾಲ ಮುಗಿದೊಡನೆ ಹಲಗೆ ಕೂಡಿಸಿ ಮುಂದಿನ ಮಳೆಗೆ ಮುನ್ನ ತೆಗೆಯುವ ಜನರಿಲ್ಲದಿದ್ದರೆ, ಬರಿಯ ಕಂಬಗಳ ಸಾಲಷ್ಟೇ.

ಹಂಪೆಯತ್ತ ನೋಡೋಣ. 1565ರಲ್ಲಿ ವಿಜಯನಗರದ ರಾಜಧಾನಿ ಹಾಳಾಯಿತು. ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ತುರ್ತು ಕಾಲುವೆಯು ಮಾತ್ರ ಪಾಳುಗುಡಿಗಳ ನಡುವೆ ಇಂದಿಗೂ ಹರಿದು ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. ಸಿಂಹಾಸನ ಹೋದ ಮೇಲೆಯೂ ಕಾಲುವೆ ಉಳಿದುದು ಒಕ್ಕಲಿಗರ ಕೈಗಳಿಂದ. ಹಾಗಿದ್ದೂ ನಾವು ಮಕ್ಕಳಿಗೆ ಯುದ್ಧದ ಇಸವಿಯನ್ನು ಬಾಯಿಪಾಠ ಮಾಡಿಸುತ್ತೇವೆ, ಕಾಲುವೆಯ ಹೆಸರನ್ನು ಹೇಳುವುದಿಲ್ಲ. ಇದಾವ ಇತಿಹಾಸಬೋಧೆ?

ಹಳೆಯ ನೀರಿನ ಕಟ್ಟಳೆಗಳೆಲ್ಲ ನ್ಯಾಯವಾಗಿದ್ದವೇ ಎಂದು ಕೇಳುವವರುಂಟು. ಇರಲಿಲ್ಲ. ದಲಿತರಿಗೆ ನೀರು ಮುಟ್ಟಗೊಡದ ನಾಡಿದು. ಆದುದರಿಂದಲೇ ಡಾ. ಅಂಬೇಡಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದು ಹಕ್ಕನ್ನು ಸಾರಬೇಕಾಯಿತು. ಆದರೆ ಅವರು ಕೆರೆಯನ್ನು ಮುಚ್ಚಿರೆನ್ನಲಿಲ್ಲ, ಎಲ್ಲರಿಗೂ ತೆರೆಯಿರೆಂದರು. ಕಾಲುವೆಯ ವಿಷಯದಲ್ಲಿಯೂ ನಮ್ಮ ವಾದವು ಅಷ್ಟೇ.

ಸ್ಪೇನ ದೇಶದ ವೆಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಇಗರ್ಜಿಯ ಬಾಗಿಲಲ್ಲಿ ರೈತರ ನೀರಿನ ನ್ಯಾಯಸಭೆ ಕೂಡುತ್ತದೆ. ವಕೀಲರಿಲ್ಲ, ಕಾಗದಪತ್ರಗಳ ರಾಶಿಯಿಲ್ಲ. ವ್ಯಾಜ್ಯವೆಲ್ಲ ಆ ನೆಲದ ಭಾಷೆಯಲ್ಲಿ, ಬಾಯಿಮಾತಿನಲ್ಲಿ ತೀರುತ್ತದೆ. 2009ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಅಲ್ಲಿ ಗೌರವ ಪಡೆದುದು ಇಲ್ಲಿ ತಗ್ಗೆನಿಸಿಕೊಳ್ಳಬೇಕೇ?

ಗಡಿಯಲ್ಲಿ ಕನ್ನಡ ಕಲಿಸುವ ನಮಗೆ ಇದರಲ್ಲಿ ಇನ್ನೊಂದು ಹಾನಿಯೂ ಕಾಣುತ್ತಿದೆ. ಒಡ್ಡು, ತೂಬು, ಮಡಿ, ಪಾಳಿ, ನೀರಗಂಟಿ—ಈ ಮಾತುಗಳು ಕಾಲುವೆಯ ದಂಡೆಯಲ್ಲಿ ಬದುಕಿದವು; ಕಾಲುವೆ ಮುಚ್ಚಿದರೆ ಅವು ನಿಘಂಟಿನಲ್ಲಿ ಮಾತ್ರ ಉಳಿದಾವು. ಹಿರಣ್ಯಕೇಶಿಯು ಆಜರೆ, ಗಡಹಿಂಗ್ಲಜಗಳನ್ನು ದಾಟಿ ಸಂಕೇಶ್ವರಕ್ಕೆ ಹರಿಯುವಾಗ ಭಾಷೆಯ ಗಡಿಯನ್ನು ಎಣಿಸುವುದಿಲ್ಲ. ಮರಾಠಿಯ ‘ಕಾಲವಾ’ ನಮ್ಮ ‘ಕಾಲುವೆ’ಯ ನೆಂಟನೇ. ಆದುದರಿಂದ ಈ ಹೋರಾಟದಲ್ಲಿ ಮರಾಠಿ ಶಾಲೆಯ ಗುರುಗಳೂ ನಮ್ಮವರೇ.

ಗುರುಬಂಧುಗಳೇ, ಮುಂದಿನ ನಿಬಂಧಕ್ಕೆ ಬೇರೆ ವಿಷಯವನ್ನು ಹುಡುಕಬೇಡಿರಿ. ಮಕ್ಕಳನ್ನು ಊರ ಕಾಲುವೆಯ ಗುಂಟ ನಡೆಸಿರಿ. ಅದು ಎಲ್ಲಿ ಹುಟ್ಟುತ್ತದೆ, ಯಾರ ಹೊಲಕ್ಕೆ ಯಾವಾಗ ನೀರು, ಯಾರಿಗೆ ಅದು ದೊರೆಯಲಿಲ್ಲ, ಹೂಳೆತ್ತುವ ವಾಡಿಕೆ ಯಾವಾಗ ನಿಂತಿತು ಎಂಬುದನ್ನು ಹಿರಿಯರಿಂದ ಕೇಳಿ ಬರೆಯಲಿ, ನಕಾಶೆಯನ್ನೂ ತೆಗೆಯಲಿ. ಆ ಬರಹವನ್ನು ಗ್ರಾಮಸಭೆಯ ಮುಂದಿಡೋಣ. ಮುಚ್ಚುವ ಠರಾವು ಬರುವ ಮುನ್ನ, ತಾವು ಮುಚ್ಚುತ್ತಿರುವುದು ಏನೆಂಬುದನ್ನು ಊರವರು ಒಮ್ಮೆ ಓದಿ ಕೇಳಲಿ.