ಚಾತುರ್ಮಾಸದಲ್ಲಿ ಹಡಗೇರುವ ಕಾರುಗಳು

ಆಷಾಢ ಬಂದೊಡನೆ ಮುನಿಗಳ ವಿಹಾರ ನಿಲ್ಲುತ್ತದೆ. ಮಳೆಗೆ ಹುಟ್ಟುವ ಕ್ರಿಮಿಕೀಟ, ಹಸುರು ಕಾಲಡಿಗೆ ಸಿಕ್ಕೀತೆಂಬ ಎಚ್ಚರದಿಂದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನೆಲೆನಿಲ್ಲುವುದು ಅವರ ನಿಯಮ. ಅದಕ್ಕೆ ತುಸು ಮುಂಚೆ ಮುಂಬಯಿ ಬಳಿಯ ನವಾ ಶೇವಾ ಬಂದರಿನಲ್ಲಿ ಬೇರೊಂದು ವಿಹಾರದ ಸಿದ್ಧತೆ ನಡೆದಿರುತ್ತದೆ. ಕೋಟಿಗಳ ಬೆಲೆಯ ಸ್ಪೋರ್ಟ್ಸ್ ಕಾರಿನ ಟ್ಯಾಂಕನ್ನು ಬಹುಪಾಲು ಬರಿದು ಮಾಡಿ, ಬ್ಯಾಟರಿಯ ತಂತಿ ಕಳಚಿ, ನಾಲ್ಕೂ ಚಕ್ರಗಳನ್ನು ಪಟ್ಟಿಗಳಿಂದ ಬಿಗಿದು ಕಂಟೇನರಿನಲ್ಲಿ ಮುಚ್ಚುತ್ತಾರೆ. ಕಾರು ಸಮುದ್ರ ಮಾರ್ಗವಾಗಿ ಯೂರೋಪು ಸೇರುತ್ತದೆ. ಯಜಮಾನರು ಸಕುಟುಂಬರಾಗಿ ವಿಮಾನದಲ್ಲಿ ಹೋಗಿ ಬಂದರಿನಲ್ಲಿ ಅದನ್ನು ಬಿಡಿಸಿಕೊಳ್ಳುತ್ತಾರೆ. ಎರಡು ಮೂರು ವಾರ ಆಲ್ಪ್ಸ್ ಪರ್ವತದ ತಿರುವುಗಳಲ್ಲಿ ಓಡಿಸಿ, ಮತ್ತೆ ಹಡಗೇರಿಸಿ, ದಶಲಕ್ಷಣ ಪರ್ವದ ಹೊತ್ತಿಗೆ ಊರಿಗೆ ಮರಳುತ್ತಾರೆ. ಆಗ ಕಾರು ಇನ್ನೂ ಸಮುದ್ರದ ಮೇಲಿರುತ್ತದೆ. ಅದರ ಚಿತ್ರಗಳು ಮಾತ್ರ ಸಮಾಜದ ಸಭಾಭವನವನ್ನು ಮೊದಲೇ ತಲುಪಿರುತ್ತವೆ. ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಪ್ರವಚನ. ‘ನನ್ನದೆಂಬುದು ಏನೂ ಇಲ್ಲ’ ಎಂಬ ಭಾವದ ದಿನ. ಅದೇ ವೇದಿಕೆಯಲ್ಲಿ ಅದೇ ಯಜಮಾನರಿಗೆ ಶಾಲು, ಹಾರ, ಫಲತಾಂಬೂಲ.

ಇಂಥವರು ಬೆರಳೆಣಿಕೆಯ ಮಂದಿ ಎಂಬುದು ನಿಜ. ಆದರೆ ಅವರನ್ನು ಕಂಡು ಬಾಯಿ ಚಪ್ಪರಿಸುವವರು, ಅವರಂತೆ ಆಗಬೇಕೆಂದು ಮಕ್ಕಳಿಗೆ ತೋರಿಸಿಕೊಡುವವರು ಬೆರಳೆಣಿಕೆಯವರಲ್ಲ. ಆದ್ದರಿಂದ ಈ ವಿಹಾರದ ಲೆಕ್ಕವನ್ನು ಒಮ್ಮೆ ಬಹಿರಂಗವಾಗಿ ಬಿಚ್ಚಿ ನೋಡಬೇಕಾಗಿದೆ.

ಈ ಚಟಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟವರು ಕೊಲ್ಲಿ ರಾಷ್ಟ್ರಗಳ ಶ್ರೀಮಂತರು. ಬೇಸಗೆ ಬಂತೆಂದರೆ ಲಂಡನ್ನಿನ ನೈಟ್ಸ್‌ಬ್ರಿಜ್ ಬೀದಿಗಳಲ್ಲಿ ಅರಬ್ಬಿ ಅಂಕಿಗಳ ನೋಂದಣಿ ಫಲಕ ಹೊತ್ತ ಕಾರುಗಳು ಸಾಲುಗಟ್ಟುತ್ತವೆ. ಹಲವು ವಿಮಾನದಲ್ಲೇ ಬಂದಿಳಿಯುತ್ತವೆ. ನಡುರಾತ್ರಿಯ ಎಂಜಿನ್ ಆರ್ಭಟಕ್ಕೆ ಬೇಸತ್ತ ನಿವಾಸಿಗಳ ದೂರಿನ ಮೇಲೆ ಕೆನ್ಸಿಂಗ್ಟನ್ ಮತ್ತು ಚೆಲ್ಸಿಯ ಸ್ಥಳೀಯ ಆಡಳಿತ 2015ರಲ್ಲಿ ಇಂಥ ಹಾವಳಿಯನ್ನು ದಂಡನೀಯಗೊಳಿಸುವ ವಿಶೇಷ ಆದೇಶವನ್ನೇ ಹೊರಡಿಸಬೇಕಾಯಿತು. ಅನುಕರಣೆಗೆ ಆರಿಸಿಕೊಂಡ ಆದರ್ಶ ಇದು!

ಕಾರನ್ನು ಅಲ್ಲಿಗೇ ಏಕೆ ಒಯ್ಯಬೇಕು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಇಲ್ಲಿ ರಸ್ತೆಗಳಿಲ್ಲ. ಮುಂಬಯಿಯ ಮಳೆಗಾಲದಲ್ಲಿ ನೆಲಕ್ಕೆ ಅಂಟಿದಂತಿರುವ ಕಾರು ಗ್ಯಾರೇಜು ಬಿಟ್ಟು ಹೊರಬರಲಾರದು. ಅದೇ ತಿಂಗಳುಗಳಲ್ಲಿ ಇಟಲಿಯ ಸ್ಟೆಲ್ವಿಯೊ ಕಣಿವೆದಾರಿಯ ಹಿಮ ಕರಗಿ, 2,757 ಮೀಟರ್ ಎತ್ತರದ ಆ ಘಾಟಿ ತೆರೆದಿರುತ್ತದೆ. ಒಂದೇ ಪಾರ್ಶ್ವದಲ್ಲಿ 48 ಕಡಿದಾದ ತಿರುವುಗಳು. ಜರ್ಮನಿಯ ಆಟೊಬಾನ್‌ನ ಹಲವು ಭಾಗಗಳಲ್ಲಿ ವೇಗದ ಮಿತಿಯೇ ಇಲ್ಲ. ಉತ್ತರವೇನೋ ಸರಿ. ಆದರೆ ಇದರಲ್ಲೊಂದು ರಾಜಕೀಯವೂ ಅಡಗಿದೆ. ಹೊಂಡ ಬಿದ್ದ ರಸ್ತೆಯಲ್ಲಿ ಸ್ಕೂಟರಿನಿಂದ ಉರುಳಿ ಕೈಕಾಲು ಮುರಿದುಕೊಳ್ಳುವ ನೌಕರನಿಗೆ ಬೇರೆ ದಾರಿಯಿಲ್ಲ; ಆತ ನಗರಸಭೆಯ ಕದ ತಟ್ಟಲೇಬೇಕು. ಮಂತ್ರಿಗಳೊಡನೆ ಊಟಕ್ಕೆ ಕೂರಬಲ್ಲ ಶ್ರೀಮಂತನಿಗೆ ಆ ಕದ ತಾನಾಗಿ ತೆರೆದೀತು. ಆದರೆ ಆತ ರಸ್ತೆಯನ್ನು ಕೇಳುವುದಿಲ್ಲ, ಕಾರನ್ನೇ ರಸ್ತೆಯಿರುವ ಕಡೆಗೆ ಸಾಗಿಸುತ್ತಾನೆ. ಸಾರ್ವಜನಿಕ ಶಾಲೆ, ಸಾರ್ವಜನಿಕ ಆಸ್ಪತ್ರೆಗಳಿಂದ ಉಳ್ಳವರು ಕಾಲ್ತೆಗೆದ ಮೇಲೆ ಅವುಗಳ ಗತಿ ಏನಾಯಿತೆಂಬುದು ಕಣ್ಣ ಮುಂದಿದೆ. ಈಗ ರಸ್ತೆಯ ಸರದಿ.

ಇನ್ನು ಕಾಗದಪತ್ರ. ಸುಂಕ ಕಟ್ಟದೆ ವಾಹನವನ್ನು ಗಡಿ ದಾಟಿಸಿ ಮರಳಿ ತರಲು ಕಾರ್ನೆ ಎಂಬ ಪುಸ್ತಕವಿದೆ. ಅದರ ಪ್ರತಿ ಹಾಳೆಯಲ್ಲೂ ಮೂರು ಭಾಗ: ಒಳಹೋದದ್ದಕ್ಕೆ ಒಂದು, ಹೊರಬಂದದ್ದಕ್ಕೆ ಒಂದು, ಪುಸ್ತಕದಲ್ಲೇ ಉಳಿಯುವುದೊಂದು. ಒಂದು ವರ್ಷದ ಅವಧಿ. ಕಾರನ್ನು ಹೊರದೇಶದಲ್ಲಿ ಮಾರದೆ ಹಿಂದಕ್ಕೆ ತರುವುದಾಗಿ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಯೂರೋಪಿನ ಎಲ್ಲ ದೇಶಗಳೂ ಇದನ್ನು ಕೇಳುವುದಿಲ್ಲ. ಭಾರತಕ್ಕೆ ಮರಳುವಾಗ ಮತ್ತೆ ಸುಂಕದ ತಕರಾರು ಏಳದಿರಲು ಬೇಕಾಗುತ್ತದೆ. ಈ ಏರ್ಪಾಡಿನಲ್ಲಿ ತಪ್ಪೇನಿಲ್ಲ. ಪ್ರವಾಸಿಗಳ ಅನುಕೂಲಕ್ಕಾಗಿಯೇ ಮಾಡಿದ್ದು. ಪ್ರಶ್ನೆ ಏಳುವುದು ಪುಸ್ತಕದ ಮೊದಲ ಪುಟದಲ್ಲಿ, ಮಾಲೀಕರ ಹೆಸರಿನ ಮುಂದೆ. ಅಲ್ಲಿ ಅನೇಕ ವೇಳೆ ವ್ಯಕ್ತಿಯ ಹೆಸರಿರುವುದಿಲ್ಲ. ಇರುವುದು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು.

ಹೀಗೇಕೆ? ನಾಲ್ಕು ಕೋಟಿ ರೂಪಾಯಿಯ ಕಾರು ಕಂಪನಿಯ ಆಸ್ತಿಯೆಂದು ಪುಸ್ತಕ ಸೇರಿದರೆ ಶೇ. 15ರಂತೆ ಮೊದಲ ವರ್ಷವೇ 60 ಲಕ್ಷ ರೂಪಾಯಿ ಸವಕಳಿ ಬರೆಯಬಹುದು. ಕಂಪನಿಯ ತೆರಿಗೆ ದರ ಶೇ. 25.17 ಎಂದು ಹಿಡಿದರೆ ಆ ಒಂದು ವರ್ಷದಲ್ಲಿ ಉಳಿಯುವ ತೆರಿಗೆ 15 ಲಕ್ಷ ರೂಪಾಯಿ. ಹಡಗಿನ ಬಾಡಿಗೆ, ಸಾಗಣೆ ವಿಮೆ, ಬಂದರಿನ ಶುಲ್ಕ, ಹೋಟೆಲುಗಳ ಬಿಲ್ಲು ಎಲ್ಲ ಸೇರಿ 25 ಲಕ್ಷವೆಂದು ಭಾವಿಸಿ, ಅದನ್ನು ‘ವ್ಯವಹಾರ ವೃದ್ಧಿ ವೆಚ್ಚ’ ಎಂಬ ಶೀರ್ಷಿಕೆಯಡಿ ಹಾಕಿದರೆ ಇನ್ನೂ 6 ಲಕ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಕುಟುಂಬ ನೂರು ರೂಪಾಯಿಯ ವಿಹಾರ ಮಾಡಿದರೆ ಅದರಲ್ಲಿ ಇಪ್ಪತ್ತೈದು ರೂಪಾಯಿ ಸರ್ಕಾರದ ಬೊಕ್ಕಸದ್ದು. ಸ್ಟೆಲ್ವಿಯೊದ 48 ತಿರುವುಗಳಲ್ಲಿ ಹನ್ನೆರಡನ್ನು ಆ ಸ್ಕೂಟರ್ ಸವಾರನೇ ಹತ್ತಿಸಿಕೊಟ್ಟಂತಾಯಿತು.

ಕಾನೂನು ಇದನ್ನು ಒಪ್ಪುತ್ತದೆಯೆ? ಒಪ್ಪುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಂ ಸಂಪೂರ್ಣವಾಗಿ ವ್ಯವಹಾರಕ್ಕೆಂದೇ ಮಾಡಿದ ವೆಚ್ಚವನ್ನಷ್ಟೇ ಮಾನ್ಯಮಾಡಿತು. ಸ್ವಂತ ವೆಚ್ಚವನ್ನು ಹೊರಗಿಟ್ಟಿತು. ಆಸ್ತಿಯ ಬಳಕೆ ಪೂರ್ತಿ ವ್ಯವಹಾರಕ್ಕಲ್ಲವಾದರೆ ಸವಕಳಿಯನ್ನೂ ಆ ಪ್ರಮಾಣದಲ್ಲಿ ಕಡಿತಗೊಳಿಸಲು 38ನೆಯ ಕಲಂ ಇತ್ತು. ಕಂಪನಿಯಿಂದ ನಿರ್ದೇಶಕನಿಗೆ ಸಂದ ಸೌಲಭ್ಯದ ಮೌಲ್ಯ ಆತನ ಆದಾಯವೇ. 2025ರ ಹೊಸ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ವಿದೇಶಿ ವಿನಿಮಯದ ಕಡೆಯಿಂದ ನೋಡಿದರೂ ಅಷ್ಟೆ. ವ್ಯಕ್ತಿಯೊಬ್ಬ ತನ್ನ ಸ್ವಂತ ಕಾರ್ಯಗಳಿಗೆ ವರ್ಷಕ್ಕೆ 2,50,000 ಡಾಲರುಗಳವರೆಗೆ ಹೊರಕಳುಹಿಸಬಹುದೆಂಬ ಉದಾರ ಯೋಜನೆ ಇದೆ. ಅದರ ಮಿತಿ ಮತ್ತು ಮೂಲದಲ್ಲೇ ವಸೂಲಾಗುವ ತೆರಿಗೆಯನ್ನು ತಪ್ಪಿಸಲು ಕಂಪನಿಯ ಖಾತೆಯಿಂದ ಹೋಟೆಲಿಗೆ ಹಣ ಹೋದರೆ ಅದು ಇನ್ನೊಂದು ಉಲ್ಲಂಘನೆ.

ಸ್ವಾರಸ್ಯದ ಸಂಗತಿ ಬೇರೊಂದಿದೆ. ಷೆಂಗೆನ್ ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶವನ್ನು ಗುರುತಿಸುವ ಅಂಕಣವಿದೆ. ಅಲ್ಲಿ ಕುಟುಂಬದ ಎಲ್ಲರೂ ‘ಪ್ರವಾಸ’ ಎಂದೇ ಗುರುತು ಹಾಕುತ್ತಾರೆ. ಸುಳ್ಳು ಹೇಳಿದರೆ ವೀಸಾ ಕೈತಪ್ಪೀತೆಂಬ ಭಯ. ಅದೇ ಪ್ರಯಾಣ ಊರಿನ ಲೆಕ್ಕದ ಪುಸ್ತಕದಲ್ಲಿ ‘ವ್ಯವಹಾರ’. ಪರದೇಶದ ದೂತಾವಾಸಕ್ಕೆ ಸತ್ಯ, ಸ್ವದೇಶದ ತೆರಿಗೆ ಇಲಾಖೆಗೆ ಅಸತ್ಯ! ಸತ್ಯಾಣುವ್ರತಕ್ಕೂ ಭೂಗೋಳದ ಗಡಿಗಳುಂಟೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಇಲ್ಲಿ ಲೆಕ್ಕಪರಿಶೋಧಕರ ಪಾಲನ್ನು ಮರೆಮಾಚುವುದು ನ್ಯಾಯವಲ್ಲ. ತೆರಿಗೆ ಪರಿಶೋಧನೆಯ 3ಸಿಡಿ ನಮೂನೆಯ 21ನೆಯ ಅಂಶ, ಲಾಭನಷ್ಟ ಖಾತೆಗೆ ಹಾಕಿದ ಸ್ವಂತ ಸ್ವರೂಪದ ವೆಚ್ಚವೆಷ್ಟು ಎಂದು ನೇರವಾಗಿ ಕೇಳುತ್ತ ಬಂದಿದೆ. ಆ ಜಾಗದಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕುವವರು ಯಾರು? ಜೈನ ಸಮಾಜದಲ್ಲಿ ಚಾರ್ಟರ್ಡ್ ಅಕೌಂಟೆಂಟರಿಗೆ ಕೊರತೆಯಿಲ್ಲ. ಬಸದಿಯ ಸಮಿತಿಯಲ್ಲಿ ಖಜಾಂಚಿ ಸ್ಥಾನ ಬಹುತೇಕ ಅವರದೇ. ಸಹಪಂಕ್ತಿಯಲ್ಲಿ ಕೂರುವ ಹಿರಿಯರ ಬಿಲ್ಲುಗಳನ್ನು ಪ್ರಶ್ನಿಸುವುದು ಮುಜುಗರದ ಕೆಲಸ, ನಿಜ. ಆ ಮುಜುಗರಕ್ಕಾಗಿಯೇ ಅವರಿಗೆ ಶುಲ್ಕ ಸಲ್ಲುತ್ತದೆ.

‘ಈ ಕಾರಿನ ಮೇಲೆ ಬೆಲೆಗಿಂತ ಹೆಚ್ಚು ಸುಂಕ ಕಟ್ಟಿದ್ದೇವೆ, ಇನ್ನೇನು ಬೇಕು?’ ಎಂಬ ಮರುಮಾತು ಕೇಳಿಬರುತ್ತದೆ. ಪೂರ್ಣವಾಗಿ ಆಮದಾದ ದುಬಾರಿ ಕಾರುಗಳ ಸುಂಕ ಶೇ. 100ನ್ನು ಮುಟ್ಟಿದ್ದು, ದಾಟಿದ್ದು ಸುಳ್ಳಲ್ಲ. ಆದರೆ ಆ ಸುಂಕವೂ ಕಾರಿನ ಬೆಲೆಯೊಳಗೆ ಸೇರಿ ಸವಕಳಿಯ ರೂಪದಲ್ಲಿ ಮತ್ತೆ ತೆರಿಗೆಯನ್ನು ತಗ್ಗಿಸುತ್ತದೆಂಬುದನ್ನು ಹೇಳುವವರಿಲ್ಲ. ರಸ್ತೆ ತೆರಿಗೆಯ ಕಥೆಯೂ ಪ್ರಸಿದ್ಧ. 2025ರ ಜುಲೈಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಮಹಾರಾಷ್ಟ್ರದ ನೋಂದಣಿಯಿದ್ದ ಫೆರಾರಿಯೊಂದರಿಂದ ಸುಮಾರು 1.42 ಕೋಟಿ ರೂಪಾಯಿ ವಸೂಲು ಮಾಡಿದರು. ತಾನಾಗಿ ಬಂದ ಹಣವಲ್ಲ ಅದು. ಅಡ್ಡಗಟ್ಟಿ ಕೇಳಿದ ಮೇಲೆ ಬಂದದ್ದು.

ಸ್ವಂತ ಹೆಸರಿನ ಕಾರು, ತೆರಿಗೆ ಕಟ್ಟಿ ಉಳಿದ ಸ್ವಂತ ಹಣ — ಹೀಗೆ ಹೋದವರೂ ಇದ್ದಾರೆ. ಅವರ ಮೇಲೆ ಕಾನೂನಿನ ಯಾವ ಆಕ್ಷೇಪವೂ ಸಲ್ಲದು. ವಾಹನ ಚಾಲನೆ ಒಂದು ಕೌಶಲ, ಅದರ ಸುಖವೂ ನಿಜವಾದದ್ದೇ. ಅವರೊಡನೆ ಮಾತಾಡಬೇಕಾದದ್ದು ಶ್ರಾವಕಾಚಾರದ ಭಾಷೆಯಲ್ಲಿ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ವಿವರಣೆಯಿದೆ. ಗೃಹಸ್ಥನು ಹತ್ತು ದಿಕ್ಕುಗಳಲ್ಲೂ ತನ್ನ ಓಡಾಟಕ್ಕೆ ಎಲ್ಲೆ ಹಾಕಿಕೊಳ್ಳಬೇಕು. ಎಲ್ಲೆಯ ಗುರುತುಗಳಾಗಿ ಆಚಾರ್ಯರು ಹೇಳುವುದು ಸಮುದ್ರ, ನದಿ, ಅಡವಿ, ಗಿರಿ, ಜನಪದ ಮತ್ತು ಯೋಜನಗಳನ್ನು. ಇನ್ನು ಹಡಗಿನಲ್ಲಿ ಕಾರು ಒಯ್ದವರ ಪ್ರವಾಸಕಥನವನ್ನು ಓದಬೇಕು. ಅರಬ್ಬಿ ಸಮುದ್ರ ದಾಟಿದ್ದು, ರೈನ್ ನದಿಯ ದಡದಲ್ಲಿ ಸಾಗಿದ್ದು, ಬ್ಲ್ಯಾಕ್ ಫಾರೆಸ್ಟ್ ಹೊಕ್ಕಿದ್ದು, ಆಲ್ಪ್ಸ್ ಏರಿದ್ದು, ಎಂಟು ದೇಶ ಸುತ್ತಿದ್ದು, ಇಷ್ಟು ಸಾವಿರ ಕಿಲೋಮೀಟರ್ ಕ್ರಮಿಸಿದ್ದು. ಅದೇ ಆರು ಗುರುತುಗಳು, ಅದೇ ಕ್ರಮದಲ್ಲಿ! ಆಚಾರ್ಯರು ನಿಲ್ಲಲು ನೆಟ್ಟ ಕಲ್ಲುಗಳು ಇಲ್ಲಿ ಗೆದ್ದ ಪದಕಗಳಾಗಿವೆ.

ಇದು ಕಡಲು ದಾಟಬಾರದೆಂಬ ಹಳೆಯ ಮಡಿವಂತಿಕೆಯಲ್ಲ. ಬೆಳಗಾವಿ, ಧಾರವಾಡ, ಮೂಡುಬಿದಿರೆ, ಕಾರ್ಕಳಗಳಿಂದ ಹೊರಟು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಬದುಕು ಕಟ್ಟಿದ ಕುಟುಂಬಗಳಿಗೆ ಯಾರೂ ಪಯಣದ ಭಯ ಹುಟ್ಟಿಸಬೇಕಾಗಿಲ್ಲ. ವಿದ್ಯೆ, ಉದ್ಯೋಗ, ವ್ಯಾಪಾರಕ್ಕೆಂದು ಹೋದದ್ದು ಬೇರೆ. ಅದೇ ಗ್ರಂಥ ಅನರ್ಥದಂಡದ ಬಗೆಗಳನ್ನು ಎಣಿಸುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದರ ಜೊತೆಗೆ ತಾನು ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಪ್ರಮಾದವೆಂದೇ ಕರೆದಿದೆ. ಎರಡು ವಾರದ ಸುಖಕ್ಕಾಗಿ ಒಂದೂವರೆ ಟನ್ನಿನ ಲೋಹವನ್ನು ಎರಡು ಸಲ ಸಮುದ್ರ ದಾಟಿಸುವುದಕ್ಕೆ ಇದಕ್ಕಿಂತ ಹೊಂದುವ ಹೆಸರು ಸಿಗಲಾರದು. ಆ ಸುಖವೇ ಬೇಕೆಂದರೆ ಮ್ಯೂನಿಕ್ಕಿನಲ್ಲೇ ಅಂಥ ಕಾರು ಬಾಡಿಗೆಗೆ ದೊರೆಯುತ್ತದೆ, ಅದೂ ಅಲ್ಲಿನ ರಸ್ತೆಗೆ ತಕ್ಕಂತೆ ಎಡಬದಿಗೆ ಸ್ಟಿಯರಿಂಗ್ ಇರುವಂಥದ್ದು. ಭಾರತದಿಂದ ಹೋದ ಬಲಬದಿಯ ಕಾರಿನಲ್ಲಿ ಮುಂದಿನ ಲಾರಿಯನ್ನು ಹಿಂದೆ ಹಾಕಲು ಪಕ್ಕದಲ್ಲಿ ಕುಳಿತ ಹೆಂಡತಿಯ ಅಪ್ಪಣೆ ಬೇಕು. ಟೋಲ್ ಕಟ್ಟುವುದೂ ಆಕೆಯೇ. ಆದರೆ ಬಾಡಿಗೆಯ ಕಾರಿಗೆ ತನ್ನ ಊರಿನ ನಂಬರ್ ಪ್ಲೇಟ್ ಇರುವುದಿಲ್ಲ. ಸಾಗಿಸುತ್ತಿರುವುದು ಆ ಫಲಕವನ್ನೇ, ಕಾರು ನೆಪಮಾತ್ರ. ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿಗಳು ಗುರುತಿಸಿದ್ದು ಈ ಮೋಹವನ್ನೇ.

ಅಲೆಯಿಸುವುದು ಎಂದಾಗ ಅಲೆಯುವವರು ಯಾರೆಂದೂ ನೆನೆಯಬೇಕು. 2022ರ ಫೆಬ್ರವರಿಯಲ್ಲಿ ಸುಮಾರು 4,000 ಕಾರುಗಳನ್ನು ಹೊತ್ತಿದ್ದ ಫೆಲಿಸಿಟಿ ಏಸ್ ಹಡಗು ಅಜೋರ್ಸ್ ದ್ವೀಪಗಳ ಬಳಿ ಹೊತ್ತಿ ಉರಿದು ಮುಂದಿನ ತಿಂಗಳ ಮೊದಲ ದಿನ ಮುಳುಗಿತು, ನಾವಿಕರು ಬದುಕುಳಿದರು. 2023ರ ಜುಲೈಯಲ್ಲಿ ನೆದರ್ಲೆಂಡ್ಸ್ ಕರಾವಳಿಯಲ್ಲಿ ಫ್ರೀಮ್ಯಾಂಟಲ್ ಹೈವೇ ಎಂಬ ಹಡಗಿಗೆ ಬೆಂಕಿ ಬಿದ್ದಾಗ ಭಾರತೀಯ ನಾವಿಕನೊಬ್ಬ ಪ್ರಾಣ ಕಳೆದುಕೊಂಡ. ಅವು ಮಾರಾಟಕ್ಕೆ ಹೊರಟ ಹೊಸ ಕಾರುಗಳು, ವಿಹಾರದ ಕಾರುಗಳಲ್ಲ. ಎರಡನ್ನೂ ಒಂದೇ ಎನ್ನುವುದು ಅತಿಯಾದೀತು. ಆದರೆ ಹಡಗಿನ ತಳದಲ್ಲಿ ಕಾವಲಿರುವ ಮನುಷ್ಯ ಅವನೇ.

ಮುಂದಿನ ಚಾತುರ್ಮಾಸಕ್ಕೆ ಮುನ್ನ ಸಮಾಜದ ಸಮಿತಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪರ್ವದ ದಿನಗಳ ಸನ್ಮಾನಕ್ಕೆ ಹೆಸರು ಆರಿಸುವಾಗ ಕಲಶದ ಸವಾಲಿನ ಮೊತ್ತವನ್ನು ಬದಿಗಿಡುವುದು. ಆಕಿಂಚನ್ಯದ ದಿನವಾದರೂ ವೇದಿಕೆಯನ್ನು ಖಾಲಿ ಬಿಡುವುದು. ಸಮಿತಿಯ ಪದಾಧಿಕಾರಿಗಳಾಗುವವರಿಂದ ತಮ್ಮ ವಿಹಾರಗಳ ವೆಚ್ಚ ಯಾವ ಖಾತೆಯಿಂದ ಹೋಯಿತೆಂದು ಒಂದು ಸಾಲಿನ ಲಿಖಿತ ಹೇಳಿಕೆ ಪಡೆಯುವುದು. ಖಜಾಂಚಿಗಳು ಈ ಮೂರನೆಯದನ್ನು ಬಲವಾಗಿ ವಿರೋಧಿಸುವರೆಂದು ನಿರೀಕ್ಷಿಸಬಹುದು. ಹಾಗೆ ವಿರೋಧಿಸುವ ಖಜಾಂಚಿಯ ಹೇಳಿಕೆಯನ್ನೇ ಮೊದಲು ಪಡೆಯತಕ್ಕದ್ದು.